ಹೆಸರು ಕಾವೇರಿ ಹೆಗಡೆ, ಲಿಂಗ ಗಂಡು

ಸಿಯಾಟಲ್ ನಗರದಲ್ಲಿ ಮನೆಯ ಹಿತ್ತಲಲ್ಲಿ ಎಂಟು ಕೋಳಿ ಸಾಕಬಹುದು. ಹುಂಜ ಮಾತ್ರ ಕೂಡದು. 2010ರಲ್ಲಿ ನಗರಸಭೆಯವರು ಕೋಳಿಗಳ ಸಂಖ್ಯೆಯನ್ನು ಮೂರರಿಂದ ಎಂಟಕ್ಕೆ ಏರಿಸಿ, ಅದೇ ಕೈಯಲ್ಲಿ ಹುಂಜಕ್ಕೆ ಬಾಗಿಲು ಹಾಕಿದರು. ಹೆಂಗಸರಿಗೆ ಎಂಟು ಸೀಟು ಕೊಟ್ಟು ಗಂಡಸರಿಗೆ ಒಂದನ್ನೂ ಕೊಡದ ಈ ಮೀಸಲಾತಿಗೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಗಾಯಗೊಂಡ ಹುಂಜವೊಂದು ಬಚ್ಚಲುಮನೆಯಲ್ಲಿ ಮಲಗಿ ಔಷಧ ಕುಡಿಯುತ್ತಿದ್ದರೆ ಅದು ಸಾಕಣೆಯೋ ಶುಶ್ರೂಷೆಯೋ ಎಂಬ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ನಾವು ಆ ಸಂದಿಯಲ್ಲಿ ಬಿಡಾರ ಹೂಡಿದೆವು.

ಹುಂಜ ನಮ್ಮ ಮನೆಗೆ ಬಂದದ್ದು ಹೆಣ್ಣಾಗಿ. 2025ರ ಮಾರ್ಚಿನಲ್ಲಿ ಹಕ್ಕಿಜ್ವರದ ಹೊಡೆತಕ್ಕೆ ಅಮೆರಿಕದಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ 23 ಸೆಂಟ್ ಮುಟ್ಟಿತು. ಜನ ಕೋಳಿ ಸಾಕಲು ಹೊರಟರು. ನಮ್ಮವರು ಸುಮ್ಮನಿರುತ್ತಾರೆಯೇ? ಶಿರಸಿ ಕಡೆಯ ಹೆಗಡೆಯವರ ಮಗ. ಮೊಟ್ಟೆ ತಿನ್ನಲು ಕಲಿತದ್ದೇ ಮಂಡ್ಯದವಳಾದ ನನ್ನನ್ನು ಮದುವೆಯಾದ ಮೇಲೆ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ ಅನ್ನುತ್ತಾರಲ್ಲ, ಇವರ ಆಮ್ಲೆಟ್ ಪ್ರೀತಿ ಇನ್ನೂ ಆ ಹಂತದಲ್ಲೇ ಇದೆ. ಕೋಳಿಮೇವಿನ ಅಂಗಡಿಯಿಂದ ನಾಲ್ಕು ಮರಿ ತಂದರು. ಅವು ಹ್ಯಾಚರಿಯಿಂದ ಅಂಗಡಿಗೆ ಬಂದದ್ದು ಅಂಚೆಯಲ್ಲಿ. ಇಲ್ಲಿ 1918ರಿಂದಲೂ ಒಂದು ದಿನದ ಕೋಳಿಮರಿಗಳನ್ನು ಪೋಸ್ಟಿನಲ್ಲಿ ಕಳಿಸುತ್ತಾರೆ; ಮೊಟ್ಟೆಯೊಡೆಯುವ ಮೊದಲು ಒಳಗೆಳೆದುಕೊಂಡ ಹಳದಿ ಭಂಡಾರದ ಬಲದಲ್ಲಿ ಮರಿ ಮೂರು ದಿನ ಅನ್ನ ನೀರಿಲ್ಲದೆ ಇರಬಲ್ಲದು.

ಡಬ್ಬದ ಮೇಲೆ ‘ಎಲ್ಲವೂ ಹೆಣ್ಣು’ ಎಂದು ಬರೆದಿತ್ತು. ಒಂದು ದಿನದ ಮರಿಯ ಬುಡ ಒತ್ತಿ ನೋಡಿ ಗಂಡು ಹೆಣ್ಣು ಹೇಳುವ ವಿದ್ಯೆ ಜಪಾನಿನವರದು. ಅದರಲ್ಲಿ ಪಳಗಿದವರು ಇದ್ದರೂ ಹ್ಯಾಚರಿಗಳು ಸಾಮಾನ್ಯವಾಗಿ ನೂರಕ್ಕೆ ತೊಂಬತ್ತರ ಭರವಸೆ ಮಾತ್ರ ಕೊಡುತ್ತವೆ. ನಮ್ಮ ಮಗಳು ಆ ತೊಂಬತ್ತನ್ನು ನೂರೆಂದೇ ನಂಬಿ ಮರಿಗಳಿಗೆ ಗಂಗಾ, ತುಂಗಾ, ಶರಾವತಿ, ಕಾವೇರಿ ಎಂದು ನಾಮಕರಣ ಮಾಡಿದಳು. ಬೇಸಿಗೆ ಬರುವಷ್ಟರಲ್ಲಿ ಕಾವೇರಿಯ ಜುಟ್ಟು ಕೆಂಪಗೆ ಎದ್ದಿತು, ಕಾಲು ದಪ್ಪವಾಯಿತು, ಬಾಲದ ಗರಿ ಬಾಗಿತು. ಆಗಸ್ಟಿನ ಒಂದು ಬೆಳಗಿನ ಜಾವ ಕಾವೇರಿ ಕತ್ತೆತ್ತಿ ಕೂಗಿತು. ಕಾವೇರಿಗಾಗಿ ರಸ್ತೆಗಿಳಿದು ಕೂಗಿದವರ ನಡುವೆ ಬೆಳೆದವಳು ನಾನು. ಕಾವೇರಿಯೇ ಕೂಗಿದ್ದನ್ನು ಕೇಳಿದ್ದು ಇದೇ ಮೊದಲು.

ಹುಂಜ ಕೊಡುತ್ತೇವೆ, ತಗೊಳ್ಳಿ ಎಂದರೆ ಈ ದೇಶದಲ್ಲಿ ಯಾರಿಗೂ ಬೇಡ. ಹಿತ್ತಲಲ್ಲಿ ಕೋಳಿ ಸಾಕಿದ ಪ್ರತಿಯೊಬ್ಬನಿಗೂ ಒಂದೊಂದು ಕಾವೇರಿ ಹುಟ್ಟಿಕೊಂಡಿರುತ್ತದೆ. ಪ್ರಾಣಿಗಳ ಆಶ್ರಮಗಳೆಲ್ಲ ಹುಂಜಗಳಿಂದಲೇ ತುಂಬಿವೆ. ನಮ್ಮವರು ಇಮೇಲ್ ಬರೆಯುತ್ತಾ ಕುಳಿತಿದ್ದ ದಿನಗಳಲ್ಲೇ ಒಂದು ರಾತ್ರಿ ರಕೂನ್ ಬಂತು.

ಹೆಣ್ಣುಕೋಳಿಗಳು ಗೂಡಿನ ಅಟ್ಟದಲ್ಲಿ ಗರಿ ಕೂಡ ಕೊಂಕದೆ ಕುಳಿತಿದ್ದವು. ಕಾವೇರಿ ಬಾಗಿಲ ಬಳಿ ಬಿದ್ದಿತ್ತು. ಬೆನ್ನ ಮೇಲೆ ಅಂಗೈಯಗಲ ಚರ್ಮ ಗರಿಸಮೇತ ಕಿತ್ತು ಒಂದು ಕಡೆಗೆ ಮಡಚಿಕೊಂಡಿತ್ತು. ಕೆಳಗಿನ ಮಾಂಸ ಹೊಳೆಯುತ್ತಿತ್ತು. ರೆಕ್ಕೆಯ ಬುಡದಲ್ಲಿ ಹಲ್ಲು ಇಳಿದ ಎರಡು ತೂತು, ಜುಟ್ಟಿನ ಒಂದು ತುದಿ ತೊಗಲಿನ ಎಳೆಯಲ್ಲಿ ಜೋತಾಡುತ್ತಿತ್ತು, ಎಡಗಾಲು ನೆಲಕ್ಕೆ ಊರುತ್ತಿರಲಿಲ್ಲ. ಮಗಳು ಕಿರುಚಿಕೊಂಡಳು. ನಮ್ಮವರು ರಕ್ತ ನೋಡಿ ಮೆಟ್ಟಿಲ ಮೇಲೆ ಕುಳಿತರು. ಆಗ ಒಳಗಿನಿಂದ ಅವ್ವ ಬಂದಳು.

ಅವ್ವ ವಿಸಿಟರ್ ವೀಸಾದಲ್ಲಿ ಬಂದಿದ್ದಳು. ಮದ್ದೂರು ಕಡೆಯ ಹೆಂಗಸು. ಹಬ್ಬ, ಬೀಗರೂಟ, ಮಾರಮ್ಮನ ಪೂಜೆ ಎಂದು ಅವಳ ಕೈಯಲ್ಲಿ ಮೋಕ್ಷ ಪಡೆದ ಕೋಳಿಗಳಿಗೆ ಲೆಕ್ಕವಿಲ್ಲ. ಕೋಳಿಯ ಒಳಗಿನ ಭೂಗೋಳ ಅವಳಷ್ಟು ತಿಳಿದವರು ಈ ಊರಿನಲ್ಲಿ ಇನ್ನೊಬ್ಬರಿರಲಾರರು. ಟವೆಲ್ ಹಾಕಿ ಎರಡೂ ರೆಕ್ಕೆ ಒತ್ತಿ ಎತ್ತಿಕೊಂಡು, ಕತ್ತಿನ ಬುಡ ಮುಟ್ಟಿ, ಹೊಟ್ಟೆ ಒತ್ತಿ, ಕಾಲಿನ ಕೀಲು ಆಡಿಸಿ ತೀರ್ಪು ಕೊಟ್ಟಳು: “ಕಾಳಿನ ಚೀಲ ಒಡ್ದಿಲ್ಲ, ಕರುಳು ನೆಟ್ಟಗದೆ, ಮೂಳೆ ಮುರ್ದಿಲ್ಲ. ಬದುಕ್ತದೆ ಬುಡು. ಅಳ್ಬೇಡ ಮಗ.”

ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿದರೆ ಕೋಳಿ ಎಂದ ಕೂಡಲೇ ಹಕ್ಕಿಜ್ವರದ ನೆಪ ಹೇಳಿ ಇಡುತ್ತಿದ್ದರು. ಕೊನೆಗೆ ಒಬ್ಬರು ಡಾಕ್ಟರಮ್ಮ ಒಪ್ಪಿದರು. ನೋಡಿದ್ದು ಆಸ್ಪತ್ರೆಯ ಒಳಗಲ್ಲ, ಪಾರ್ಕಿಂಗ್ ಜಾಗದಲ್ಲಿ; ಮಾಸ್ಕ್, ಕೈಗವಸು, ಮೈತುಂಬ ಗೌನ್ ತೊಟ್ಟು. ಮೊದಲ ಪ್ರಶ್ನೆ: “ಇದು ಸಾಕಿದ್ದೋ, ತಿನ್ನುವುದಕ್ಕೋ?”

“ಸಾಕಿದ್ದು” ಎಂದು ನಾವು ಮೂವರೂ ಒಟ್ಟಿಗೆ ಹೇಳಿದೆವು. ಅವ್ವನಿಗೆ ಇಂಗ್ಲಿಷ್ ಬರದು, ಅದು ಒಳ್ಳೆಯದೇ ಆಯಿತು.

ಡಾಕ್ಟರಮ್ಮ ನಕ್ಕರು. ನಿಮ್ಮ ಪಾಲಿಗೆ ಸಾಕಿದ್ದೇ ಇರಬಹುದು, ಸರ್ಕಾರದ ಪಾಲಿಗೆ ಕೋಳಿ ಅಂದರೆ ಆಹಾರ ಅಷ್ಟೇ. ನೀವು ಅದಕ್ಕೆ ಹೆಸರಿಟ್ಟಿರಲಿ, ಹಾಸಿಗೆ ಹಾಸಿರಲಿ, ಕಾನೂನಿನಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಕೆಲವು ಔಷಧಗಳನ್ನು ಕೊಡುವಂತೆಯೇ ಇಲ್ಲ. ಎನ್ರೋಫ್ಲಾಕ್ಸಸಿನ್ ಎಂಬುದನ್ನು ಕೋಳಿಗಳಿಗೆ 2005ರಲ್ಲೇ ನಿಷೇಧಿಸಿದ್ದಾರೆ. ಕೊಡಬಹುದಾದ ಆಂಟಿಬಯಾಟಿಕ್ ಕೊಟ್ಟರೂ, ನಿಲ್ಲಿಸಿದ ಮೇಲೆ ಇಂತಿಷ್ಟು ದಿನ ಇದರ ಮಾಂಸ ತಿನ್ನಬಾರದು ಎಂದು ಬರೆದುಕೊಡಲೇಬೇಕು. ನಾನು ಇದಿಷ್ಟನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

“ಈ ದೇಸಕ್ಕೆ ಬಂದ್ಮೇಲೆ ಇದೊಂದೇ ಕಣವ್ವ ಸರ್ಕಾರ ಸರಿಯಾಗಿ ಯೋಳಿದ್ದು” ಎಂದಳು ಅವ್ವ.

ಡಾಕ್ಟರಮ್ಮ ಗಾಯ ತೊಳೆದು, ಚರ್ಮ ಎಳೆದು ಅಲ್ಲಲ್ಲಿ ಹೊಲಿಗೆ ಹಾಕಿ, ಜುಟ್ಟಿನ ಜೋತ ತುದಿಯನ್ನು ಕತ್ತರಿಸಿ, ನೋವಿಗೆ ಮೆಲಾಕ್ಸಿಕ್ಯಾಮ್ ಬರೆದರು. ಬಿಲ್ಲು ನೋಡಿ ಅವ್ವ ಮನಸ್ಸಿನಲ್ಲೇ ಡಾಲರನ್ನು ರೂಪಾಯಿ ಮಾಡಿದಳು. ಅವಳ ತುಟಿ ಬಹಳ ಹೊತ್ತು ಆಡುತ್ತಲೇ ಇತ್ತು. “ಈ ದುಡ್ಡಲ್ಲಿ ಹೆಬ್ಬಾಳದಿಂದ ಗಿರಿರಾಜ ಮರಿ ತಂದಿದ್ರೆ ಒಂದು ಫಾರಮ್ಮೇ ಆಗ್ತಿತ್ತು.” ಔಷಧದ ಅಂಗಡಿಯಲ್ಲಿ ಹೇಳಿದರೆ ಸಾಲದೇ, ಇದಕ್ಕೆ ಡಾಕ್ಟರು ಯಾಕೆ ಎಂಬುದು ಅವಳ ಇನ್ನೊಂದು ತಕರಾರು. ಮೊದಲು ಇಲ್ಲಿಯೂ ಹಾಗೆಯೇ ಇತ್ತು. ಕೋಳಿ, ಕುರಿ, ದನಗಳ ಆಂಟಿಬಯಾಟಿಕ್ ಮೇವಿನ ಅಂಗಡಿಯಲ್ಲೇ ಸಿಗುತ್ತಿತ್ತು. 2023ರ ಜೂನ್‌ನಿಂದ ಚೀಟಿ ಇಲ್ಲದೆ ಕೊಡುವುದಿಲ್ಲ.

ಔಷಧದ ಬಾಟಲಿಯ ಮೇಲಿನ ಲೇಬಲ್ ನೋಡಿದ್ದು ಮನೆಗೆ ಬಂದ ಮೇಲೆ. ಇಲ್ಲಿಯ ಆಸ್ಪತ್ರೆಗಳಲ್ಲಿ ಸಾಕುಪ್ರಾಣಿಯ ಹೆಸರಿಗೆ ಯಜಮಾನರ ಮನೆತನದ ಹೆಸರು ಸೇರಿಸಿ ಬರೆಯುವುದು ರೂಢಿ. ಅಚ್ಚುಕಟ್ಟಾಗಿ ಮುದ್ರಿಸಿದ್ದರು: ಕಾವೇರಿ ಹೆಗಡೆ. ಜಾತಿ: ಕೋಳಿ. ಲಿಂಗ: ಗಂಡು.

ಅವತ್ತಿನಿಂದ ಅತಿಥಿಗಳ ಬಚ್ಚಲುಮನೆ ಕಾವೇರಿಯ ವಾರ್ಡಾಯಿತು. ಹಳೆಯ ನಾಯಿಪಂಜರ, ಒಳಗೆ ಹಳೆ ಪಂಚೆ, ಒಂದು ಬದಿಗೆ ಮಾತ್ರ ಬಿಸಿಪ್ಯಾಡ್. ಸೆಕೆಯಾದರೆ ಆಚೆ ಸರಿಯಲು ಜಾಗ ಬಿಡಬೇಕು. ದೀಪ ಮಂದ. ಹೆಣ್ಣುಕೋಳಿಗಳ ಹತ್ತಿರ ಬಿಡುವ ಹಾಗಿರಲಿಲ್ಲ. ಯಾರಿಗಾಗಿ ರಕೂನಿಗೆ ಎದೆಕೊಟ್ಟನೋ ಅವೇ ಗಂಗಾ ತುಂಗಾ ಶರಾವತಿಯರು ಕೆಂಪು ಕಂಡರೆ ಕುಕ್ಕಿ ಕುಕ್ಕಿ ಗಾಯ ದೊಡ್ಡದು ಮಾಡುತ್ತಾರೆ. ಕೋಳಿಗಳ ಸ್ವಭಾವವೇ ಅದು.

ದಿನವೂ ಬೆಳಿಗ್ಗೆ ಉಪ್ಪುನೀರಿನಲ್ಲಿ ಗಾಯ ತೊಳೆದು, ಚಹಾದ ಬಣ್ಣಕ್ಕೆ ತೆಳುಮಾಡಿದ ಅಯೋಡಿನ್ ಹನಿಸಿ, ಮುಲಾಮು ಸವರಬೇಕು. ಮನೆಯಲ್ಲಿರುವ ಮುಲಾಮು ಕೈಗೆ ಸಿಕ್ಕಿತೆಂದು ಹಚ್ಚುವಂತಿಲ್ಲ. ನೋವು ಮರಗಟ್ಟಿಸುವ, ಹೆಸರಿನ ಕೊನೆಗೆ ‘ಕೇನ್’ ಎಂದು ಬರುವ ಮದ್ದು ಅದರಲ್ಲಿ ಸೇರಿದ್ದರೆ ಹಕ್ಕಿಗಳಿಗೆ ಅಪಾಯ. ನೀರನ್ನು ಕೊಕ್ಕು ತೆರೆದು ಹೊಯ್ಯಲೂ ಬಾರದು. ಕೋಳಿಯ ಉಸಿರಿನ ದಾರಿ ನಾಲಿಗೆಯ ಬುಡದಲ್ಲೇ ಬಾಯಿ ತೆರೆದುಕೊಂಡಿರುತ್ತದೆ. ನಾವು ಪ್ರೀತಿಯಿಂದ ಹೊಯ್ದದ್ದು ನೇರ ಪುಪ್ಪುಸಕ್ಕೆ ಹೋಗಿ ಕೂರುತ್ತದೆ. ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ಅದಾಗಿಯೇ ಚಪ್ಪರಿಸುವವರೆಗೆ ಕಾಯಬೇಕು. ಇದನ್ನೆಲ್ಲ ಮಗಳು ಬೇಗ ಕಲಿತಳು. ನಮ್ಮವರು ಪಿಚಿಕೆಯ ಬಣ್ಣ, ಪ್ರಮಾಣ, ವೇಳೆ ಎಲ್ಲವನ್ನೂ ಎಕ್ಸೆಲ್‌ನಲ್ಲಿ ತುಂಬಿದರು. ಮೈ ಮುಟ್ಟಿ ನೋಡಿ “ಜ್ವರ ಕಾಯ್ತಾ ಅದೆ” ಎಂದ ಅವ್ವನಿಗೆ, ಆರೋಗ್ಯವಂತ ಕೋಳಿಯ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ಇರುತ್ತದೆ ಎಂದು ತಿಳಿಹೇಳಿದವರೂ ಅವರೇ. “ಅಷ್ಟು ಕಾವು ಸಾರಿಗೆ ಹಾಕಿದ್ಮೇಲೇ ಬರೋದು ಅಂದ್ಕಂಡಿದ್ದೆ” ಎಂದಳು.

ಅರಿಶಿನದ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಅವ್ವ ಅರಿಶಿನ ಕೊಬ್ಬರಿ ಎಣ್ಣೆ ಕಲಸಿ ತಂದಳು. ಆಳದ ಗಾಯಕ್ಕೆ ಪುಡಿ ತುಂಬಬೇಡಿ, ಎಣ್ಣೆ ಹಚ್ಚಿದರೆ ಗರಿಗಳೆಲ್ಲ ಅಂಟಿಕೊಳ್ಳುತ್ತವೆ ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. “ಅರಿಶಿನ ಹಾಕಿದ ಹಾಲಿಗೆ ಹೋಟೆಲಲ್ಲಿ ಆರು ಡಾಲರ್ ಕೊಟ್ಟು ಕುಡೀತರೆ, ಕೋಳಿಗೆ ಹಚ್ಚಬ್ಯಾಡ ಅಂತರೆ!” ಇದಕ್ಕೆ ನಮ್ಮವರು ತುಪ್ಪ ಸುರಿದರು. 1995ರಲ್ಲಿ ಗಾಯಕ್ಕೆ ಅರಿಶಿನ ಬಳಸುವುದನ್ನೇ ಹೊಸ ಶೋಧವೆಂದು ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು, ನಮ್ಮ ಸಿಎಸ್‌ಐಆರ್‌ನವರು ಹಳೆಯ ಗ್ರಂಥಗಳನ್ನೆಲ್ಲ ಮುಂದಿಟ್ಟು 1997ರಲ್ಲಿ ರದ್ದು ಮಾಡಿಸಿದರು ಎಂದು ವಿವರಿಸಿದರು. ಅವ್ವನಿಗೆ ಬಲ ಬಂತು. ಕೊನೆಗೆ ರಾಜಿಯಾದದ್ದು ಹೀಗೆ: ಬೆನ್ನಿನ ಗಾಯಕ್ಕೆ ಅಮೆರಿಕ, ಕಾಲಿನ ಊತಕ್ಕೆ ಭಾರತ.

ಕಾವೇರಿ ಎರಡು ದಿನ ಏನೂ ತಿನ್ನಲಿಲ್ಲ. ಎರಡನೆಯ ರಾತ್ರಿ ನಮ್ಮವರು ಧೈರ್ಯ ತುಂಬಲು ಕೊಲೊರಾಡೊದ ಫ್ರೂಟಾ ಎಂಬ ಊರಿನ ಮೈಕ್ ಎಂಬ ಹುಂಜದ ಕಥೆ ಹೇಳಿದರು. 1945ರ ಸೆಪ್ಟೆಂಬರಿನಲ್ಲಿ ಸಾರಿಗೆಂದು ತಲೆ ಕಡಿದರೆ ಅದು ಸಾಯಲಿಲ್ಲ. ಮಿದುಳಿನ ಬುಡ ಉಳಿದುಬಿಟ್ಟಿತ್ತು. ಕತ್ತಿನೊಳಗೆ ಹನಿಹನಿಯಾಗಿ ಹಾಲು ನೀರು ಬಿಟ್ಟು ಹದಿನೆಂಟು ತಿಂಗಳು ಸಾಕಿದರು, ಊರೂರು ತಿರುಗಿಸಿ ತೋರಿಸಿ ಹಣ ಮಾಡಿದರು. ಅವ್ವನಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಕಾಣಲಿಲ್ಲ. “ನಮ್ಮೂರ ಪಂಚಾಯ್ತಿ ಅಧ್ಯಕ್ಷ ಐದು ವರ್ಸ ಮುಗಿಸಿಲ್ವಾ ಅಳಿಯಂದ್ರೇ?”

ಮರುದಿನ ಹುರಿದ ಮೊಟ್ಟೆ ಕೊಟ್ಟು ನೋಡಿ ಎಂದರು ಡಾಕ್ಟರಮ್ಮ. ಗಾಯ ಕೂಡಲು, ಗರಿ ಬರಲು ಪ್ರೋಟೀನ್ ಬೇಕು, ಮೊಟ್ಟೆಗಿಂತ ಒಳ್ಳೆಯದಿಲ್ಲ. ಕಾವೇರಿ ಒಂದು ಕಣ್ಣಿನಿಂದ ತಟ್ಟೆ ನೋಡಿದ, ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ಖಾತ್ರಿ ಮಾಡಿಕೊಂಡ, ಆಮೇಲೆ ತಟ್ಟೆ ಖಾಲಿಯಾಗುವವರೆಗೆ ತಲೆ ಎತ್ತಲಿಲ್ಲ. ಅಷ್ಟು ಹೊತ್ತಿಗೆ ನಮ್ಮ ಹೆಣ್ಣುಕೋಳಿಗಳು ಮೊಟ್ಟೆಯಿಡಲು ಶುರುಮಾಡಿದ್ದವು. ಮೊಟ್ಟೆಯ ಖರ್ಚು ಉಳಿಸಲೆಂದು ಸಾಕಿದ ಕೋಳಿಗಳ ಮೊದಲ ಫಸಲೆಲ್ಲ ಹುಂಜದ ಹೊಟ್ಟೆ ಸೇರಿತು. ನಮಗೆ ಅಂಗಡಿಯದೇ ಗತಿ.

ರೋಗಿ ಚೇತರಿಸಿಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಕನ್ನಡದವರಲ್ಲಿ ಹರಡಿತು. ನಮ್ಮ ಜನ ಎಲ್ಲಿದ್ದರೂ ರೋಗಿಯನ್ನು ನೋಡಲು ಬರುವುದು ಬಿಡುವುದಿಲ್ಲ. ಒಂದು ಶನಿವಾರ ಸಂಜೆ ಹಾಸನದವರು, ಬೆಂಗಳೂರಿನವರು, ಉಡುಪಿ ಕಡೆಯವರು ಕಿತ್ತಳೆ, ಬಾಳೆಹಣ್ಣು ಹಿಡಿದೇ ಬಂದರು. ಬಚ್ಚಲುಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು “ಪಾಪ, ಎಷ್ಟು ಇಳಿದು ಹೋಗಿದ್ದಾನೆ” ಎಂದರು. ಕಾಫಿ ಬಂತು. ಮೈಕಟ್ಟು ಒಳ್ಳೆಯದಿದೆ ಎಂದರೊಬ್ಬರು. ತೊಡೆ ನೋಡಿ, ಎಂದರು ಇನ್ನೊಬ್ಬರು. ಇಲ್ಲಿ ಸಿಗುವ ಬ್ರಾಯ್ಲರ್‌ನಲ್ಲಿ ಏನು ರುಚಿ ಎಂದು ಮೂರನೆಯವರು ನಿಟ್ಟುಸಿರು ಬಿಟ್ಟರು. ಅಲ್ಲಿಂದ ಮಾತು ಜಾರಿದ್ದು ಯಾರಿಗೂ ಗೊತ್ತಾಗಲಿಲ್ಲ. ಗರಿ ತೆಗೆದ ಮೇಲೆ ಅರಿಶಿನ ಸವರಿ ಬೆಂಕಿಯಲ್ಲಿ ಸುಡದಿದ್ದರೆ ಅದು ನಾಟಿಕೋಳಿ ಸಾರೇ ಅಲ್ಲ ಎಂದರು ಹಾಸನದವರು. ಗಸಗಸೆ ಹಾಕಬೇಕೋ ಹುರಿಗಡಲೆಯೋ ಎಂದು ಬೆಂಗಳೂರಿನ ದಂಪತಿಗಳಲ್ಲೇ ಭಿನ್ನಾಭಿಪ್ರಾಯ ಬಂತು. ಕೋರಿ ರೊಟ್ಟಿಯ ಮುಂದೆ ಮುದ್ದೆ ಯಾವ ಲೆಕ್ಕ ಎಂದು ಉಡುಪಿಯವರು ಕಿಡಿ ಹಚ್ಚಿದರು.

ಮುದ್ದೆಯ ಹೆಸರೆತ್ತಿದರೆ ಅವ್ವ ಸುಮ್ಮನಿರುವವಳಲ್ಲ. ನಾನು ಕಾಯುತ್ತಿದ್ದೆ. ಅವಳು ಎದ್ದು ಬಂದು ಪಂಜರದ ಮೇಲೆ ದುಪ್ಪಟಿ ಹೊದಿಸಿ, ಬಚ್ಚಲುಮನೆಯ ಬಾಗಿಲು ಹಾಕಿ, ದನಿ ತಗ್ಗಿಸಿದಳು. “ಅವನ ಎದುರಿಗೆ ಬ್ಯಾಡ. ಹಾಲಿಗೆ ಬನ್ನಿ, ಯೋಳ್ತೀನಿ.” ಹಾಲಿನಲ್ಲಿ ಕೂತು, ಕಾಯಿ ಎಷ್ಟು ಹುರಿಯಬೇಕು, ಸಾಂಬಾರ್ ಈರುಳ್ಳಿ ಯಾಕೆ ಬೇಕು, ಎಳೆ ಹುಂಜಕ್ಕೂ ಮುದಿ ಹುಂಜಕ್ಕೂ ಬೇಯುವ ಹೊತ್ತು ಹೇಗೆ ಬೇರೆ ಎಂದು ಸವಿಸ್ತಾರವಾಗಿ ಹೇಳಿದಳು. ನಡುವೆ ಎರಡು ಸಲ ಎದ್ದು ಹೋಗಿ ರೋಗಿಗೆ ನೀರು ತಾಗಿಸಿ ಬಂದಳು.

ಉಡುಪಿಯ ಗೆಳೆಯರು ಹೊರಡುವ ಮುನ್ನ ಫೋನಿನಲ್ಲಿ ಏನೋ ಹುಡುಕಿದರು. ತುಳುನಾಡಿನಲ್ಲಿ ಕೋಳಿ ಅಂಕದವರಿಗೆಂದೇ ಕುಕ್ಕುಟ ಪಂಚಾಂಗವಿದೆ. ಯಾವ ದಿನ, ಯಾವ ಹೊತ್ತಿನಲ್ಲಿ, ಯಾವ ಬಣ್ಣದ ಕೋಳಿ ಯಾವ ಬಣ್ಣದ್ದನ್ನು ಗೆಲ್ಲುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ರಕೂನ್ ಬಂದ ದಿನ ನಮ್ಮ ಹುಂಜದ ಬಣ್ಣಕ್ಕೆ ಚೆನ್ನಾಗಿರಲಿಲ್ಲ, ಗೂಡಿನ ಬಾಗಿಲು ಭದ್ರ ಮಾಡಬೇಕಿತ್ತು ಎಂದರು. ರಕೂನಿನ ಬಣ್ಣಕ್ಕೆ ಫಲ ಏನಿತ್ತು ಎಂದು ಮಗಳು ಕೇಳಿದಳು. ಅದಕ್ಕೆ ಪಂಚಾಂಗದಲ್ಲಿ ಕಾಲಮ್ಮು ಇರಲಿಲ್ಲ.

ಶಿರಸಿಯಿಂದ ಮಾವನವರ ವಿಡಿಯೋ ಕರೆ ಭಾನುವಾರ ಬರುತ್ತದೆ. ಅವರು ಕನ್ನಡ ಅಧ್ಯಾಪಕರಾಗಿ ನಿವೃತ್ತರಾದವರು. ಮಗಳು ಉತ್ಸಾಹದಲ್ಲಿ ಔಷಧದ ಬಾಟಲಿಯನ್ನು ಕ್ಯಾಮೆರಾಕ್ಕೆ ಹಿಡಿದಳು. ಮಾವ ಕನ್ನಡಕ ಸರಿಪಡಿಸಿಕೊಂಡು ಓದಿದರು. ಹೆಗಡೆಯವರ ವಂಶಾವಳಿಯಲ್ಲಿ ಹೊಸ ಹೆಸರು ನೋಡಿ ಅವರ ಮುಖ ಹೇಗಾಯಿತೆಂದು ಹೇಳಲಾರೆ, ನೆಟ್‌ವರ್ಕ್ ಅಷ್ಟು ಚೆನ್ನಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಬದುಕಿಸಿ, ಒಳ್ಳೆಯ ಕೆಲಸ ಎಂದರು. ಜನ್ನನ ಯಶೋಧರ ಚರಿತೆಯ ಕಥೆಗೆ ಇಳಿದರು. ಯಶೋಧರ ದೊರೆ ತಾಯಿಯ ಮಾತಿಗೆ ಕಟ್ಟುಬಿದ್ದು ಜೀವವಿರುವ ಕೋಳಿಯನ್ನಲ್ಲ, ಬರೀ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಜನ್ಮಜನ್ಮ ಅಲೆದರು.

ಅವ್ವ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಮುಂದೆ ಬಂದು ಕೇಳಿದಳು: “ಹಿಟ್ಟಿನ ಕೋಳಿಗೇ ಅಷ್ಟಾದ್ರೆ ನನ್ನ ಲೆಕ್ಕ ಎಲ್ಲಿಗೆ ನಿಲ್ತದೆ ಬೀಗ್ರೇ?”

ಮಾವ ಗಂಟಲು ಸರಿಪಡಿಸಿಕೊಂಡರು. ಅದು ಜೈನ ಕಾವ್ಯ, 1209ರದ್ದು, ಬಹಳ ಹಳೆಯದು, ಈಗಿನ ಕಾಲಕ್ಕೆ ಹಾಗೆಯೇ ತೆಗೆದುಕೊಳ್ಳಬಾರದು ಬೀಗಿತ್ತಿಯವರೇ ಎಂದರು. ಅಧ್ಯಾಪಕ ವೃತ್ತಿಯಲ್ಲಿ ಅವರು ಕಾವ್ಯವನ್ನು ಇಷ್ಟು ಬೇಗ ಕೈಬಿಟ್ಟದ್ದು ಇರಲಾರದು. ಆದರೆ ಅಭ್ಯಾಸಬಲ, ಆ ರಾಜ ಮತ್ತು ತಾಯಿ ಕೋಳಿಗಳಾಗಿಯೂ ಹುಟ್ಟುತ್ತಾರೆ ಎಂದು ಸೇರಿಸಿದರು. ಅವ್ವ ತಿರುಗಿ ಬಚ್ಚಲುಮನೆಯ ಕಡೆ ನೋಡಿದಳು. ಮರುದಿನದಿಂದ ಕಾವೇರಿಗೆ ಏಕವಚನ ನಿಂತಿತು. “ತಗಳಿ, ಉಣ್ಣಿ” ಎಂದೇ ಮೊಟ್ಟೆ ಇಡುತ್ತಿದ್ದಳು. ಯಾರು ಕಂಡರು?

ಗಾಯ ಅಂಚಿನಿಂದ ಒಳಕ್ಕೆ ಕೂಡುತ್ತಾ ಬಂತು. ಗುಲಾಬಿ ಬಣ್ಣದ ಹೊಸ ಚರ್ಮದ ಮೇಲೆ ಮುಳ್ಳುಮುಳ್ಳಾಗಿ ಗರಿಯ ಮೊಳಕೆ ಎದ್ದವು. ಕಾಲು ಊರತೊಡಗಿದ, ಸ್ವಲ್ಪ ಕುಂಟುತ್ತ. ಒಂದು ಬೆಳಗಿನ ಜಾವ, ಕಿಟಕಿಯಿಲ್ಲದ ಕತ್ತಲ ಬಚ್ಚಲುಮನೆಯಲ್ಲಿ, ನಾಲ್ಕೂ ಕಡೆ ಟೈಲ್ಸ್ ಹಾಕಿದ ಗೋಡೆಗಳ ನಡುವೆ ಕಾವೇರಿ ಕೂಗಿದ. ಕೂಗಿದ್ದೆಂದರೆ ಮನೆಯ ಹೊಗೆ ಎಚ್ಚರಿಕೆಯ ಗಂಟೆಯೂ ಅಷ್ಟು ಕೆಲಸ ಮಾಡುವುದಿಲ್ಲ. ನಾವೆಲ್ಲ ಹಾಸಿಗೆಯಿಂದ ನೆಲಕ್ಕೆ ಬಂದಿದ್ದೆವು.

ಕತ್ತಲಲ್ಲಿ ಬೆಳಗಾದದ್ದು ಹೇಗೆ ತಿಳಿಯಿತೆಂದರೆ, ಹುಂಜದ ಮೈಯೊಳಗೇ ಗಡಿಯಾರವಿದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ಸದಾ ಮಂದ ಬೆಳಕಿನಲ್ಲಿಟ್ಟು ನೋಡಿ, ಬೆಳಗಿನ ಹೊತ್ತಿಗೆ ಅವು ತಾವಾಗಿಯೇ ಕೂಗುತ್ತವೆ ಎಂದು 2013ರಲ್ಲಿ ಪ್ರಕಟಿಸಿದರು. ಕೂಗುವಾಗ ಅದರ ಕಿವಿ ಅದಕ್ಕೇ ಕಿತ್ತುಹೋಗುವುದಿಲ್ಲವೇ ಎಂದು ಮಗಳಿಗೆ ಚಿಂತೆ. ಇಲ್ಲ, ಕೊಕ್ಕು ಪೂರ್ತಿ ತೆರೆದಾಗ ಹುಂಜದ ಕಿವಿಯ ನಾಳ ಮುಚ್ಚಿಕೊಳ್ಳುತ್ತದೆಯಂತೆ. ಆ ಸೌಲಭ್ಯ ನಮಗಿಲ್ಲ. ನವೆಂಬರ್ 2ರಂದು ಇಲ್ಲಿ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಕಾವೇರಿಯದನ್ನು ತಿರುಗಿಸುವ ಕೀಲಿ ಯಾರಲ್ಲೂ ಇರಲಿಲ್ಲ. ಒಂದು ಗಂಟೆ ಮೊದಲೇ ಬೆಳಗಾಗತೊಡಗಿತು.

ಪಕ್ಕದ ಮನೆಯ ಮಹಿಳೆ ಬೇಲಿಯಾಚೆಯಿಂದ, ಬಹಳ ಮರ್ಯಾದೆಯಿಂದಲೇ, ಬೆಳಿಗ್ಗೆ ನಿಮ್ಮ ಮನೆಯಿಂದ ಏನೋ ದನಿ ಕೇಳುತ್ತದಲ್ಲ ಎಂದರು. ಇಲ್ಲಿ ದೂರು ಹೋದರೆ ಮುಗಿಯಿತು. ನಮ್ಮವರು ಒಂದು ಕ್ಷಣ ಆಕಾಶ ನೋಡಿ, ನಮ್ಮ ಊರಿನಲ್ಲಿ ಯಕ್ಷಗಾನ ಎಂಬ ಪುರಾತನ ಕಲೆಯಿದೆ, ರಾತ್ರಿಯಿಡೀ ಹಾಡಿ ಬೆಳಗಿನ ಜಾವ ಏರುಶ್ರುತಿಯಲ್ಲಿ ಮುಗಿಸುವುದು ಪದ್ಧತಿ, ನಾನು ಭಾಗವತಿಕೆ ಅಭ್ಯಾಸ ಮಾಡುತ್ತಿದ್ದೇನೆ ಎಂದುಬಿಟ್ಟರು. ಸಿಯಾಟಲ್‌ನ ಸುಸಂಸ್ಕೃತ ಜನ. ಆಕೆ ಕೇಳಿದ್ದಕ್ಕೆ ಕ್ಷಮೆ ಕೋರಿ, ಬಹಳ ಚೆನ್ನಾಗಿ ಹಾಡುತ್ತೀರಿ, ಪ್ರದರ್ಶನವಿದ್ದರೆ ತಿಳಿಸಿ ಎಂದರು. ಬಡಗುತಿಟ್ಟಿನ ಮಹಾ ಭಾಗವತರು ನಮ್ಮನ್ನು ಮನ್ನಿಸಬೇಕು.

ಫ್ರಾನ್ಸಿನಲ್ಲಾದರೂ ಹುಟ್ಟಿದ್ದರೆ ಕಾವೇರಿಗೆ ಈ ಕಷ್ಟವಿರಲಿಲ್ಲ. ಅಲ್ಲಿ ಮೊರೀಸ್ ಎಂಬ ಹುಂಜದ ಮೇಲೆ ನೆರೆಯವರು ಹೂಡಿದ ಮೊಕದ್ದಮೆಯಲ್ಲಿ 2019ರಲ್ಲಿ ಹುಂಜದ ಕಡೆಗೇ ತೀರ್ಪಾಯಿತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಕಾಪಾಡಲು ಕಾನೂನನ್ನೇ ತಂದರು. ನಮ್ಮದು ಸಿಯಾಟಲ್. ಅವ್ವನ ವೀಸಾ ಅವಧಿಯೂ ಮುಗಿಯುತ್ತ ಬಂದಿದೆ. ಅವಳು ಹೋದ ಮೇಲೆ ಕಾವೇರಿಯನ್ನು ಬಹುವಚನದಲ್ಲಿ ಮಾತಾಡಿಸುವವರೂ ಇರುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಗರದ ಗಡಿಯಾಚೆ ಒಂದೆರಡು ಎಕರೆ ಜಮೀನು, ಭದ್ರವಾದ ಗೂಡು, ಹುಂಜದ ಕೂಗಿಗೆ ಅಡ್ಡಿಯಿಲ್ಲದ ನೆರೆಹೊರೆ ಇರುವ ಕನ್ನಡಿಗರಿದ್ದರೆ ದಯವಿಟ್ಟು ತಿಳಿಸಿ. ಹುಂಜ ಆರೋಗ್ಯವಾಗಿದೆ. ಜುಟ್ಟಿನ ಒಂದು ತುದಿ ಇಲ್ಲ, ಎಡಗಾಲು ಸ್ವಲ್ಪ ಕುಂಟು, ಕನ್ನಡ ಮಾತ್ರ ತಿಳಿಯುತ್ತದೆ, ಮೊಟ್ಟೆ ಹದವಾಗಿ ಹುರಿದಿರಬೇಕು. ಔಷಧದ ಅವಧಿ ಮುಗಿಯಿತೇ ಎಂದು ವಿಚಾರಿಸಲು ಮಾತ್ರ ಯಾರೂ ಫೋನ್ ಮಾಡಬಾರದು.